ದಿನಕ್ಕೆ ಅರವತ್ತೆಂಟು ಸಲ

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ, ನಾನು ಎರಡನೇ ಲೋಟ ಕಾಫಿ ಹಿಡಿದು ಕೂರುವ ಹೊತ್ತಿಗೆ ಸರಿಯಾಗಿ, ನನ್ನ ಫೋನು ನನ್ನ ಮೇಲೆ ಚಾಡಿ ಹೇಳುತ್ತದೆ. ಬೇರೆ ಯಾರ ಬಳಿಯೋ ಹೇಳಿದ್ದರೆ ಕ್ಷಮಿಸಬಹುದಿತ್ತು, ನನ್ನ ಬಳಿಯೇ ಹೇಳುತ್ತದೆ. ಕಳೆದ ವಾರ ನೀವು ದಿನಕ್ಕೆ ಸರಾಸರಿ ನಾಲ್ಕು ಗಂಟೆ ಹತ್ತು ನಿಮಿಷ ಫೋನ್ ನೋಡಿದ್ದೀರಿ, ಅಡುಗೆಯದು ಇಷ್ಟು, ಧಾರಾವಾಹಿಯದು ಇಷ್ಟು, ಯಾವ ಆ್ಯಪ್ ಎಷ್ಟು ಸಲ ತೆರೆದಿರಿ ಎಂಬ ಪಟ್ಟಿ ಕೆಳಗಿದೆ, ಎಂದು. ಹೀಗೆ ಮುಖಕ್ಕೆ ಹೊಡೆದಂತೆ ಹೇಳುವ ಧೈರ್ಯ ನಮ್ಮ ಮನೆಯಲ್ಲಿ ಇನ್ನಾರಿಗೂ ಇಲ್ಲ. ನಮ್ಮವರಿಗಂತೂ ಮದುವೆಯಾದ ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಬಂದಿಲ್ಲ.

ಈ ಚಾಡಿಕೋರನನ್ನು ನನ್ನ ಫೋನಿಗೆ ತಂದು ಕೂರಿಸಿದವಳು ಸಹನಾ. ಬಸವೇಶ್ವರನಗರದ ನಮ್ಮ ಮನೆಯ ಮಹಡಿ ಮೇಲೆ ಒಂದು ಕೋಣೆಯಿದೆ. ನಾಗರಬಾವಿಯಲ್ಲಿ ಕಾನೂನು ಓದುವ ಈ ಹುಡುಗಿ ಎರಡು ವರ್ಷದಿಂದ ಅಲ್ಲಿ ಬಾಡಿಗೆಗಿದ್ದಾಳೆ. ಹೆಸರಿಗೆ ಮಾತ್ರ ಮಹಡಿ, ಅವಳ ಅರ್ಧ ದಿನ ಕಳೆಯುವುದು ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ. ಒಂದು ದಿನ ಉಪ್ಪಿನಕಾಯಿಗೆಂದು ಇಳಿದುಬಂದವಳ ಕೈಯಲ್ಲಿ ಫೋನಿತ್ತು. ಬಟ್ಟಲು ನೀಡುವಾಗಲೂ ಕಣ್ಣು ಅದರ ಮೇಲೆಯೇ. ನಾನು ಸುಮ್ಮನಿರಲಾರದೆ, ಈಗಿನ ಮಕ್ಕಳಿಗೆ ಮೂರು ಹೊತ್ತೂ ಮೊಬೈಲು, ಹೀಗೆ ಕತ್ತು ಬಗ್ಗಿಸಿಕೊಂಡೇ ಇದ್ದರೆ ಮುಂದೆ ಗೂನು ಬೆನ್ನೇ ಗತಿ ಎಂದು ಸಣ್ಣದೊಂದು ಉಪನ್ಯಾಸ ಕೊಟ್ಟೆ.

"ಆಂಟಿ, ಆರೋಪ ಮಾಡೋರು ಸಾಕ್ಷಿ ಕೊಡ್ಬೇಕು. ಅದಿರ್ಲಿ, ನಿಮ್ಮ ಫೋನ್ ಕೊಡಿ ಇಲ್ಲಿ," ಎಂದಳು.

ಕೊಟ್ಟೆ. ನಾನು ನೋಡುವುದು ಏನು ಮಹಾ, ಹತ್ತು ನಿಮಿಷ ಅಡುಗೆ, ಹದಿನೈದು ನಿಮಿಷ ಧಾರಾವಾಹಿ ಎಂಬ ಧೈರ್ಯ ನನಗೆ. ಅವಳು ಎಲ್ಲೋ ಒತ್ತಿ, ಎಲ್ಲೋ ಜಾರಿಸಿ, ಕೊನೆಗೆ ಒಂದು ಬಣ್ಣದ ಚಿತ್ರಪಟ ತೆರೆದು ನನ್ನ ಮುಂದೆ ಹಿಡಿದಳು. ಅದು ನನ್ನ ಫೋನಲ್ಲ, ಯಾರದೋ ಜೊತೆ ಅದಲುಬದಲಾಗಿದೆ ಎಂದು ವಾದಿಸಿ ನೋಡಿದೆ. ಮೇಲೆ ನನ್ನದೇ ಫೋಟೋ ಇತ್ತು.

ಸದ್ದು ಕೇಳಿ ನಮ್ಮವರು ಬಂದು, "ನಂದೂ ನೋಡಮ್ಮ, ನಾನು ಬಳಸೋದು ಟಾರ್ಚಿಗೆ ಮಾತ್ರ," ಎಂದು ಹೆಮ್ಮೆಯಿಂದ ತಮ್ಮ ಫೋನನ್ನೂ ಕೊಟ್ಟರು. ಪಾಪ, ಕೊಡಬಾರದಿತ್ತು. ಕೆಸರಿನಲ್ಲಿ ಹೂತುಹೋದ ಟ್ರ್ಯಾಕ್ಟರನ್ನು ಇನ್ನೊಂದು ಟ್ರ್ಯಾಕ್ಟರು ಎಳೆಯುವ ವಿಡಿಯೋಗಳನ್ನು ಅವರು ದಿನಕ್ಕೆ ಮೂರು ಗಂಟೆ ನೋಡುತ್ತಿದ್ದರು. ರಾಜಾಜಿನಗರದಲ್ಲಿ ಹುಟ್ಟಿ ಬೆಳೆದ, ನಿವೃತ್ತಿಯವರೆಗೂ ಕಚೇರಿಯ ಕಡತ ಬಿಟ್ಟು ಬೇರೇನನ್ನೂ ಎಳೆಯದ ಮನುಷ್ಯ! ಕೇಳಿದರೆ, "ಅರ್ಧ ನೋಡಿದ್ಮೇಲೆ ಅದು ಮೇಲೆ ಬಂತೋ ಇಲ್ವೋ ತಿಳ್ಕೊಳ್ದೆ ಎದ್ದು ಹೋಗಕ್ಕಾಗುತ್ತೇನೇ?" ಎಂದರು. ಅದೂ ನ್ಯಾಯವೇ.

ಬಳಸಿದ್ದಕ್ಕೆ ಲೆಕ್ಕ ಇಡುವ ಚಾಳಿ ಈ ಫೋನಿನಿಂದ ಶುರುವಾದದ್ದು ಎಂದು ನೀವು ತಿಳಿದಿದ್ದರೆ, ನೀವು ನಮ್ಮಪ್ಪನನ್ನು ನೋಡಿಲ್ಲ ಎಂದರ್ಥ. ನಾವಾಗ ಬಾಪೂಜಿನಗರದ ವಠಾರವೊಂದರಲ್ಲಿದ್ದೆವು. ಅಪ್ಪ ಕಾರ್ಖಾನೆಯಲ್ಲಿ ಟೈಂ ಕೀಪರ್. ಯಾರು ಎಷ್ಟು ಗಂಟೆಗೆ ಬಂದರು, ಎಷ್ಟು ಗಂಟೆಗೆ ಹೋದರು ಎಂದು ಬರೆಯುವುದೇ ಕೆಲಸ. ಆ ಕೆಲಸವನ್ನು ಅವರು ಕಾರ್ಖಾನೆಯಲ್ಲಿ ಬಿಟ್ಟು ಬರುತ್ತಿರಲಿಲ್ಲ. ಮನೆಯಲ್ಲೊಂದು ಟ್ರಾನ್ಸಿಸ್ಟರ್ ಇತ್ತು. ಅದಕ್ಕೆ ಹೊಸ ಸೆಲ್ಲು ಹಾಕಿದ ದಿನ ಅಪ್ಪ ಒಂದು ಚೀಟಿಯಲ್ಲಿ ತಾರೀಖು ಬರೆದು ಸೆಲ್ಲಿನ ಗೂಡಿನೊಳಗೆ ಅಂಟಿಸುತ್ತಿದ್ದರು. ವಾರ್ತೆಗೆ ಮಾತ್ರ ಬಳಸಿದರೆ ಇಷ್ಟು ದಿನ ಬರಬೇಕು ಎಂಬ ಲೆಕ್ಕ ಅವರ ತಲೆಯಲ್ಲಿತ್ತು. ಅದಕ್ಕೂ ಮುಂಚೆ ರೇಡಿಯೋ ಗೊರಗೊರ ಎಂದರೆ, ಮಧ್ಯಾಹ್ನ ಯಾರೋ ಚಿತ್ರಗೀತೆ ಕೇಳಿದ್ದಾರೆ ಎಂದು ತೀರ್ಮಾನ.

ಆ ಯಾರೋ ಎಂದರೆ ನಾನು ಮತ್ತು ನನ್ನ ಅಕ್ಕ. ದಣಿದ ಸೆಲ್ಲನ್ನು ಬಿಸಿಲಿಗಿಟ್ಟರೆ ಸ್ವಲ್ಪ ಜೀವ ಬರುತ್ತದೆ ಎಂದು ಯಾರೋ ಹೇಳಿದ್ದರು. ಅಮ್ಮ ತಾರಸಿಯ ಮೇಲೆ ಸಂಡಿಗೆ ಹಾಕಿದಾಗಲೆಲ್ಲ ನಾವು ಕಾಗೆ ಕಾಯುವ ನೆಪದಲ್ಲಿ ಹೋಗಿ, ಪಂಚೆಯ ಅಂಚಿನಲ್ಲಿ ಸಂಡಿಗೆಯ ಪಕ್ಕವೇ ಸೆಲ್ಲುಗಳನ್ನೂ ಒಣಗಿಸುತ್ತಿದ್ದೆವು. ಒಂದು ದಿನ ಇದ್ದಕ್ಕಿದ್ದಂತೆ ಮಳೆ ಬಂತು. ಅಮ್ಮ ಓಡಿ ಬಂದವಳೇ ಪಂಚೆಯ ನಾಲ್ಕು ಮೂಲೆ ಹಿಡಿದು ಎತ್ತಿಕೊಂಡು ಹೋಗಿ, ಎಲ್ಲವನ್ನೂ ಹಾಗೇ ಡಬ್ಬಿಗೆ ಸುರಿದಳು. ಅಂದು ರಾತ್ರಿಯ ಊಟಕ್ಕೆ ಸಂಡಿಗೆ ಕರಿಯೋಣವೆಂದು ಅಪ್ಪನೇ ಡಬ್ಬಿ ತೆಗೆದು ತಟ್ಟೆಗೆ ಸುರಿದರೆ, ಸಂಡಿಗೆಯ ಜೊತೆ ಎರಡು ಸೆಲ್ಲು ಉರುಳಿ ಬಂದವು. ನಾವಿಬ್ಬರೂ ಉಸಿರು ಬಿಗಿಹಿಡಿದು ಕೂತೆವು. ಅಪ್ಪ ಅವನ್ನು ಪಂಚೆಯ ತುದಿಯಿಂದ ಒರೆಸಿ, ರೇಡಿಯೋಗೆ ಹಾಕಿ, ಚೀಟಿ ಕಿತ್ತು ಹೊಸದು ಬರೆದರು. ಅವರು ಎದ್ದುಹೋದ ಮೇಲೆ ನೋಡಿದರೆ, ತಾರೀಖಿನ ಕೆಳಗೆ ಒಂದು ಸಾಲು ಹೆಚ್ಚಿಗೆ ಇತ್ತು: 'ಹಾಡು, ಮಧ್ಯಾಹ್ನ ಅರ್ಧ ಗಂಟೆ.' ನಮ್ಮ ಫೋನಿಗೆ ಅಷ್ಟು ಹೃದಯವಿಲ್ಲ ಬಿಡಿ.

ಇರಲಿ. ಸಹನಾಳ ಎದುರು ಮಾನ ಉಳಿಸಿಕೊಳ್ಳಬೇಕಿತ್ತಲ್ಲ, ನಾನು ಮೊಬೈಲ್ ಉಪವಾಸ ಮಾಡುತ್ತೇನೆಂದು ಘೋಷಿಸಿದೆ. ಉಪವಾಸ ಎಂದ ತಕ್ಷಣ ನನಗೆ ನೆನಪಾಗುವುದು ನಮ್ಮಜ್ಜಿಯ ಏಕಾದಶಿ. ಅಂದು ಅನ್ನ ಮುಟ್ಟುವಂತಿಲ್ಲ, ಅಷ್ಟೇ. ಹಾಗಾಗಿ ಬೆಳಿಗ್ಗೆ ಒಗ್ಗರಣೆ ಹಾಕಿದ ಅವಲಕ್ಕಿ, ಹನ್ನೊಂದಕ್ಕೆ ಬಾಳೆಹಣ್ಣಿನ ರಸಾಯನ, ಮಧ್ಯಾಹ್ನ ತುಪ್ಪ ಸುರಿದ ರವೆ ಉಪ್ಪಿಟ್ಟು, ಸಂಜೆ ಕಡಲೆಕಾಯಿ. ಪಾಪ, ಅಜ್ಜಿ ಉಪವಾಸ ಎಂದು ಎಲ್ಲರೂ ಕನಿಕರ ಪಡುವಾಗ ನಾವು ಮಕ್ಕಳು ಮುಂದಿನ ಏಕಾದಶಿ ಯಾವಾಗ ಎಂದು ಪಂಚಾಂಗ ನೋಡುತ್ತಿದ್ದೆವು.

ಆ ರಕ್ತವೇ ನನ್ನಲ್ಲಿ ಹರಿಯುತ್ತಿರುವುದು. ಪಂಚಾಂಗದ ಆ್ಯಪ್ ನೋಡಿದರೆ ಉಪವಾಸ ಮುರಿಯುವುದಿಲ್ಲ, ಅದು ಧರ್ಮಕಾರ್ಯ. ಶುಕ್ರವಾರದ ಭಜನೆಗೆ ಸಹಸ್ರನಾಮ ತೆಗೆಯುವುದು ಲೆಕ್ಕಕ್ಕಿಲ್ಲ. ಅಡುಗೆಯ ವಿಡಿಯೋ ಎಂದರೆ ಮನೆಕೆಲಸ. ಇನ್ನು ಧಾರಾವಾಹಿ. ಅದನ್ನು ನನ್ನ ಫೋನಿನಲ್ಲಿ ನೋಡುವುದಿಲ್ಲ ಎಂದು ನಾನು ಹೇಳಿದ್ದೆ, ಆ ಮಾತಿಗೆ ತಪ್ಪಲಿಲ್ಲ. ಮುಂದಿನ ಭಾನುವಾರ ನಮ್ಮವರು ಗಾಬರಿಯಾಗಿ ಅಡುಗೆಮನೆಗೆ ಬಂದರು. "ಅಲ್ವೇ, ನಾನು ವಾರವೆಲ್ಲ ಧಾರಾವಾಹಿ ನೋಡಿದೀನಿ ಅಂತಿದೆಯಲ್ಲೇ ಇದು!"

ಅಂತೂ ಮೂರನೇ ಭಾನುವಾರಕ್ಕೆ ನನ್ನ ಸರಾಸರಿ ಎರಡು ಗಂಟೆಗಿಂತ ಕೆಳಗಿಳಿಯಿತು. ಹತ್ತನೇ ತರಗತಿಯ ಅಂಕಪಟ್ಟಿ ತೋರಿಸುವಂತೆ ಫೋನು ಹಿಡಿದು ನಾನೇ ಮಹಡಿ ಹತ್ತಿದೆ. ಸಹನಾ ಮೆಚ್ಚಿ ತಲೆದೂಗಿದಳು. ಆದರೆ ವಕೀಲರಾಗುವವರು ಕೊನೆಯ ಪುಟದವರೆಗೂ ಓದುತ್ತಾರಂತೆ. ಅವಳು ಪಟ್ಟಿಯನ್ನು ಕೆಳಗೆ ಜಾರಿಸುತ್ತ ಹೋಗಿ ಒಂದು ಕಡೆ ನಿಂತಳು.

"ಆಂಟಿ, ಇದೇನಿದು? ಮೆಸೇಜ್ ಆ್ಯಪ್ ದಿನಕ್ಕೆ ಅರವತ್ತೆಂಟು ಸಲ ತೆಗ್ದಿದೀರಾ. ಆದ್ರೆ ಒಟ್ಟು ಟೈಂ ನೋಡಿದ್ರೆ ಒಂಬತ್ತೇ ನಿಮಿಷ."

"ಕಮ್ಮಿ ಅಲ್ವೇನೇ? ಒಳ್ಳೇದೇ ಆಯ್ತು."

"ಒಂದ್ಸಲಕ್ಕೆ ಏಳೆಂಟು ಸೆಕೆಂಡು. ಅಷ್ಟರಲ್ಲಿ ಏನೂ ಓದಕ್ಕಾಗಲ್ಲ, ಬರಿಯೋಕೂ ಆಗಲ್ಲ. ಬಂತಾ ಅಂತ ನೋಡ್ತೀರಾ, ಮುಚ್ಚಿಡ್ತೀರಾ. ಯಾರ ಮೆಸೇಜ್ ಕಾಯ್ತಿದೀರಾ ಆಂಟಿ?"

"ಗ್ಯಾಸ್ ಸಿಲಿಂಡರಿಂದು," ಎಂದೆ.

"ಸಿಲಿಂಡರ್ ನಿನ್ನೆ ಬಂತಲ್ಲ. ನಾನೇ ಗೇಟ್ ತೆಗ್ದಿದ್ದು."

ಆಮೇಲೆ ಬಚ್ಚಿಡಲು ಏನೂ ಉಳಿಯಲಿಲ್ಲ. ನಾನು ಕಾಯುತ್ತಿದ್ದದ್ದು ರತ್ನಳ ಮೆಸೇಜಿಗೆ. ಅದು ಹನ್ನೊಂದು ತಿಂಗಳಿಂದ ಬಂದಿರಲಿಲ್ಲ.

ರತ್ನ ನಮ್ಮ ರಸ್ತೆಯಲ್ಲೇ ಎರಡು ಮನೆ ಆಚೆ ಇಪ್ಪತ್ತಾರು ವರ್ಷ ಇದ್ದವಳು. ನಮ್ಮ ಶುಕ್ರವಾರದ ಭಜನಾ ಮಂಡಳಿಗೆ ಕಂಠ ಅವಳದು, ಪ್ರಸಾದ ನನ್ನದು. ಅವಳ ಬಟ್ಟಲಿನಲ್ಲಿ ನನ್ನ ಮನೆಯ ಹುಳಿ, ನನ್ನ ಡಬ್ಬಿಯಲ್ಲಿ ಅವಳ ಮನೆಯ ಚಟ್ನಿಪುಡಿ. ಯಾವ ಪಾತ್ರೆ ಯಾರ ಮನೆಯದೆಂದು ಇಬ್ಬರಿಗೂ ಮರೆತುಹೋಗಿತ್ತು. ಕೆಂಗೇರಿಯಲ್ಲಿ ಅವರು ಎಂದೋ ತೆಗೆದುಕೊಂಡ ಸೈಟಿನಲ್ಲಿ ಮನೆ ಕಟ್ಟಿಸಲು ಶುರುಮಾಡಿದಾಗ, ಉಸ್ತುವಾರಿಗೆ ಹತ್ತಿರವಾಗಲಿ ಎಂದು ಅಲ್ಲೇ ಬಾಡಿಗೆ ಮನೆ ಹಿಡಿದು ಹೊರಟುಹೋದರು. ಹೋಗುವ ದಿನ ನಾನು, "ಹೊಸ ಮನೆ ಆದ್ಮೇಲೆ ನಮ್ಮನ್ನೆಲ್ಲ ಎಲ್ಲಿ ನೆನಪಿಟ್ಕೋತೀಯ ಬಿಡು," ಎಂದಿದ್ದೆ. ದುಃಖವಾದಾಗ ಕೊಂಕು ಆಡುವುದು ನನ್ನ ಹುಟ್ಟುಗುಣ.

ಮನೆ ಮುಗಿಯಿತು, ಗೃಹಪ್ರವೇಶ ನಿಶ್ಚಯವಾಯಿತು. ನಮ್ಮ ಕಡೆ ಕರೆಯುವುದೆಂದರೆ ಏನೆಂದು ನಿಮಗೆ ಗೊತ್ತು. ಮನೆಗೆ ಬಂದು, ಕುಂಕುಮ ಕೊಟ್ಟು, ಅಕ್ಷತೆ ಹಾಕಿ, ತಪ್ಪದೆ ಬರಬೇಕು ಎಂದು ಬಾಯ್ತುಂಬ ಹೇಳಿದರೆ ಅದು ಕರೆದಂತೆ. ಉಳಿದದ್ದೆಲ್ಲ ಸುದ್ದಿ ತಿಳಿಸಿದಂತೆ. ರತ್ನ ಒಂದು ದಿನ ಆಟೋ ಮಾಡಿಕೊಂಡು ಬಂದು ಮಂಡಳಿಯ ಎಲ್ಲರನ್ನೂ ಕರೆದು ಹೋದಳು. ಎದುರು ಮನೆಗೆ ಕುಂಕುಮ, ಮೂಲೆ ಮನೆಗೆ ಕುಂಕುಮ. ನನಗೆ ಮಾತ್ರ ಸಂಜೆ ಫೋನಿಗೆ ಕಾರ್ಡಿನ ಫೋಟೋ ಬಂತು. ಕೆಳಗೆ ಒಂದಕ್ಷರ ಬರೆದಿರಲಿಲ್ಲ. ನನಗೆ ಹೇಗಾಗಿರಬೇಡ! ನಾನು ಗೃಹಪ್ರವೇಶಕ್ಕೆ ಹೋಗಲಿಲ್ಲ. ಯಾಕೆ ಬರಲಿಲ್ಲ ಎಂದು ಅವಳೂ ಕೇಳಲಿಲ್ಲ. ಕೇಳಲಿ, ತಪ್ಪಾಯಿತು ಎಂದು ಒಂದು ಸಾಲು ಬರೆಯಲಿ ಎಂದು ನಾನು ಅಂದಿನಿಂದ ಫೋನು ತೆರೆದು ಮುಚ್ಚುತ್ತಲೇ ಇದ್ದೆ.

ಸಹನಾ ಎಲ್ಲವನ್ನೂ ಕೇಳಿದಳು. ನನ್ನ ಪರವಾಗಿ ಏನಾದರೂ ಹೇಳುತ್ತಾಳೆಂದು ಕಾದೆ.

"ಅಂದ್ರೆ ಅವ್ರು ಮನೆಗೆ ಬಂದು ಕರೀದೆ ಫೋನಲ್ಲಿ ಕರೆದ್ರು ಅಂತ ನಿಮಗೆ ಕೋಪ. ಈಗ ಕ್ಷಮೆ ಮಾತ್ರ ಫೋನಲ್ಲೇ ಬರ್ಬೇಕು. ಅಲ್ವಾ ಆಂಟಿ?"

ಎರಡು ದಿನ ನಾನು ಅವಳ ಜೊತೆ ಮಾತಾಡಲಿಲ್ಲ. ಅವಳು ಉಪ್ಪಿನಕಾಯಿ ಕೇಳಿದರೆ ಬಾಟಲಿಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದೆ. ಆದರೆ ಎಷ್ಟು ದಿನ ಅಂತ? ಬುಧವಾರ ಬೆಳಿಗ್ಗೆ ಎದ್ದು, ತಿಂಡಿ ಮುಗಿಸಿ, ಬೀರುವಿನ ಕೆಳಗಿನ ಖಾನೆಯಿಂದ ಒಂದು ಪೊಟ್ಟಣ ತೆಗೆದೆ. ಗೃಹಪ್ರವೇಶಕ್ಕೆ ಕೊಡಲೆಂದು ಕಾರ್ಡು ಬರುವ ಮೊದಲೇ ತಂದಿಟ್ಟಿದ್ದ ಹಿತ್ತಾಳೆಯ ಚಕ್ಕುಲಿ ಒರಳು ಅದು. ರತ್ನ ಇಪ್ಪತ್ತಾರು ವರ್ಷವೂ ನನ್ನದನ್ನೇ ಕೇಳಿ ಒಯ್ಯುತ್ತಿದ್ದಳು.

ವಿಜಯನಗರದ ಮೆಟ್ರೋ ನಿಲ್ದಾಣದಲ್ಲಿ ನನ್ನ ಚೀಲ ಯಂತ್ರದೊಳಗೆ ಹೋದದ್ದೇ ತಡ, ತಪಾಸಣೆಯ ಹೆಂಗಸು ನನ್ನನ್ನು ಪಕ್ಕಕ್ಕೆ ಕರೆದಳು. ಒಳಗೆ ಕೊಳವೆ, ಹಿಡಿಕೆ, ತೂತಿನ ಬಿಲ್ಲೆಗಳು. ಪರದೆಯ ಮೇಲೆ ಏನೆಂದು ಕಂಡಿತೋ!

"ಏನಮ್ಮ ಇದು?"

"ಚಕ್ಕುಲಿ ಒರಳು ಕಣಮ್ಮ."

ಅವಳು ಹಿಡಿಕೆ ಹಿಡಿದು ಒತ್ತಿ ನೋಡಿದಳು. "ಭಾರಿ ಗಟ್ಟಿ ಐತೆ. ಎಲ್ ತಗೊಂಡ್ರಿ?" ಎಂದಳು. ಅಂಗಡಿಯ ಗುರುತು ಹೇಳಿ, ಹಿಟ್ಟಿಗೆ ಬೆಣ್ಣೆ ಎಷ್ಟು ಹಾಕಬೇಕೆಂದೂ ಹೇಳುವ ಹೊತ್ತಿಗೆ ನನ್ನ ಹಿಂದೆ ಸಾಲು ಬೆಳೆದಿತ್ತು.

ರೈಲಿನಲ್ಲಿ ಕೂತ ಮೇಲೆ ಧೈರ್ಯ ಕರಗಲು ಶುರುವಾಯಿತು. ದೀಪಾಂಜಲಿನಗರ ಬಂತು, ನಾಯಂಡಹಳ್ಳಿ ಬಂತು. ಇಳಿದು ವಾಪಸು ಹೋಗಿಬಿಡಲೇ ಎನ್ನಿಸಿತು. ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಿದರೆ? ಇಪ್ಪತ್ತಾರು ವರ್ಷದ ಸ್ನೇಹ ಮುಗಿದೇ ಹೋಗಿದೆ ಎಂದು ಅಲ್ಲಿ ಗೊತ್ತಾದರೆ? ಗೊತ್ತಾಗದಿದ್ದರೆ ಕೊನೆಪಕ್ಷ ಕಾಯುತ್ತಿರಬಹುದು. ನಿಜ ಹೇಳುತ್ತೇನೆ, ನನಗೆ ಭಯವಾಗಿತ್ತು. ಅವಳ ಮನೆಯ ದಾರಿ ನೋಡಲು ಫೋನು ತೆಗೆದರೆ ಬೇಕಾದದ್ದು ಆ ಕಾರ್ಡೇ. ಅದರಲ್ಲಿ ಮಾತ್ರ ವಿಳಾಸವಿತ್ತು. ಅಷ್ಟು ಕೋಪದಲ್ಲೂ ನಾನು ಅದನ್ನು ಅಳಿಸಿರಲಿಲ್ಲ.

ಬಾಗಿಲು ತೆರೆದವಳು ರತ್ನಳೇ. ಸ್ವಲ್ಪ ಇಳಿದಿದ್ದಳು. ನನ್ನನ್ನು ನೋಡಿ ಒಂದು ಗಳಿಗೆ ನಿಂತು, "ಬಾ," ಎಂದಳು. ಹೆಣ್ಣು ನೋಡಲು ಬಂದವರ ಹಾಗೆ ನಾನು ಸೋಫಾದ ಅಂಚಿನಲ್ಲಿ ಕೂತೆ. ಅವಳು ನೀರು ತಂದಿಟ್ಟಳು. ಮನೆ ಚೆನ್ನಾಗಿದೆ ಎಂದೆ. ಹೂಂ ಎಂದಳು. ರೈಲಿನಲ್ಲಿ ನಾನು ಒಂದು ಗಂಭೀರವಾದ ಮಾತನ್ನು ಜೋಡಿಸಿಟ್ಟುಕೊಂಡಿದ್ದೆ. ಅದೆಲ್ಲ ಎಲ್ಲಿ ಹೋಯಿತೋ, ಬಾಯಿಂದ ಬಂದದ್ದು ಬರೀ ಅಳು.

"ಎಲ್ರಿಗೂ ಕುಂಕುಮ ಕೊಟ್ಟು ಕರೆದೆ. ನನಗೊಬ್ಬಳಿಗೆ ಫೋನಲ್ಲಿ ಕಾರ್ಡ್ ಹಾಕಿದ್ಯಲ್ಲೇ ರತ್ನ. ನಾನೇನೇ ಮಾಡಿದ್ದೆ ನಿನಗೆ?"

ರತ್ನ ನನ್ನನ್ನೇ ನೋಡಿದಳು. "ಬಂದಿದ್ದೆ ಕಣೇ. ಮೊದಲು ನಿಮ್ಮನೆಗೇ ಬಂದಿದ್ದೆ."

"ಸುಳ್ಳು ಹೇಳ್ಬೇಡ."

"ಗೇಟಿಗೆ ಒಳಗಿಂದ ಚಿಲಕ ಹಾಕಿತ್ತು. ನೀನು ವೆರಾಂಡದಲ್ಲಿ ಆ ಕಡೆ ತಿರುಗಿ ಕೂತಿದ್ದೆ, ಕೈಯಲ್ಲಿ ಫೋನು. ಪದ್ಮಾ ಅಂತ ಮೂರು ಸಲ ಕರೆದೆ. ಮೂರನೇ ಸಲಕ್ಕೆ ನೀನು ತಲೆ ಎತ್ತದೇನೇ ಹೀಗೆ ಅಂದೆ."

ಹೀಗೆ ಎಂದವಳು ಕೈ ಎತ್ತಿ, ಅಂಗೈಯನ್ನು ಒಳಕ್ಕೆ ಮಡಿಸಿ, ಬೆರಳುಗಳನ್ನು ಎರಡು ಸಲ ಹೊರಕ್ಕೆ ಚಿಮ್ಮಿದಳು. ಅದು ನನ್ನ ಕೈಯೇ. ಅನುಮಾನವೇ ಇಲ್ಲ. ಗೇಟಿನ ಬಳಿ ಯಾವ ಮಾರುವವರು ಬಂದರೂ ನಾನು ಕಿವಿಯಿಂದ ಇಯರ್‌ಫೋನು ತೆಗೆಯದೆ, ಬೇಡ ಮುಂದೆ ಹೋಗಿ ಎಂದು ಆಡಿಸುವ ಕೈ.

"ನಾವು ಮನೆ ಬಿಟ್ಟು ಹೋಗುವಾಗ ನೀನು ಕೋಪದಲ್ಲಿ ಮಾತಾಡಿದ್ದೆಯಲ್ಲ, ಇನ್ನೂ ಇಳಿದಿಲ್ಲ ಅಂದ್ಕೊಂಡೆ. ಆಟೋದವನು ಬೇರೆ ನೋಡ್ತಿದ್ದ. ನಾಲ್ಕನೇ ಸಲ ಕರೆಯೋಕೆ ನಾಚಿಕೆ ಆಯ್ತು ಕಣೇ," ಎಂದಳು ರತ್ನ.

ಎಷ್ಟು ಗಂಟೆ ನೋಡಿದೆ, ಎಷ್ಟು ಸಲ ತೆರೆದೆ ಎಂದು ಚಾಚೂತಪ್ಪದೆ ಬರೆದಿಡುವ ಆ ಫೋನು, ಅವತ್ತು ಗೇಟಿನಲ್ಲಿ ಯಾರು ನಿಂತಿದ್ದರೆಂದು ನನಗೆ ಹೇಳಲಿಲ್ಲ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಇಪ್ಪತ್ತಾರು ವರ್ಷದಲ್ಲಿ ಅವಳಿಗೆ ಎಂದೂ ಹೇಳದ ಮಾತನ್ನು ಹೇಳಿದೆ. "ತಪ್ಪಾಯ್ತು ರತ್ನ. ನಾನು ನೋಡ್ಲಿಲ್ಲ. ಕರಿಬೇವಿನ ಸೊಪ್ಪಿನವಳು ಅಂದ್ಕೊಂಡೆ."

"ಮೈಸೂರು ರೇಷ್ಮೆ ಉಟ್ಕೊಂಡು, ಬೆಳ್ಳಿ ಕುಂಕುಮದ ಬಟ್ಟಲು ಹಿಡ್ಕೊಂಡು ನಿಂತಿದ್ದೆ ಕಣೇ ನಾನು! ಕರಿಬೇವಿನವಳಾ?" ಎಂದವಳೇ ನಗಲು ಶುರುಮಾಡಿದಳು. ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನದೂ ಅದೇ ಕತೆ. ಚಕ್ಕುಲಿ ಒರಳು ಕೊಟ್ಟರೆ, ಇಷ್ಟು ವರ್ಷ ನಿನ್ನದಿತ್ತಲ್ಲ, ಇದ್ಯಾಕೆ ಎಂದು ಬೈದು ತೆಗೆದುಕೊಂಡಳು.

ಆದರೂ ನನ್ನ ಮನಸ್ಸಿನ ಮೂಲೆಯಲ್ಲಿ ಒಂದು ಮುಳ್ಳು ಉಳಿದಿತ್ತು. ತಪ್ಪು ನನ್ನದೇ, ಒಪ್ಪಿದೆ. ಆದರೆ ಹನ್ನೊಂದು ತಿಂಗಳಲ್ಲಿ ಇವಳಿಗೆ ಒಂದು ದಿನವೂ ನನ್ನ ನೆನಪಾಗಲಿಲ್ಲವೇ? ಕೇಳಲು ಬಾಯಿ ಬರಲಿಲ್ಲ. ಅವಳ ಹಿಂದೆ ಅಡುಗೆಮನೆಗೆ ಹೋಗಿ, ಹಳೆಯ ಅಭ್ಯಾಸದಂತೆ ಈಳಿಗೆಮಣೆ ಹುಡುಕಿ ಹುರುಳಿಕಾಯಿ ಹೆಚ್ಚಲು ಕೂತೆ.

ಅಷ್ಟರಲ್ಲಿ ಹಿತ್ತಿಲ ಬಾಗಿಲಲ್ಲಿ ಒಬ್ಬ ಹಿರಿಯ ಹೆಂಗಸು ಒಂದು ಮೊರ ಸೊಗಡಿನ ಅವರೆಕಾಯಿ ಹಿಡಿದು ನಿಂತರು. ಪಕ್ಕದ ಮನೆಯ ಗೌರಮ್ಮ, ಕೆಂಗೇರಿ ಹಳೇ ಊರಿನವರು, ಇಲ್ಲೆಲ್ಲ ಮೊದಲು ಇವರದೇ ಹೊಲವಿತ್ತು ಎಂದು ರತ್ನ ಪರಿಚಯಿಸಿದಳು. "ಗೌರಮ್ಮ, ಇವ್ರು ನಮ್ಮ ಹಳೇ ಮನೆ ಹತ್ರ..." ಎಂದು ನನ್ನ ಕಡೆ ತಿರುಗಿದಳು. ಅವರು ಮುಗಿಸಲು ಬಿಡಲಿಲ್ಲ.

"ಪದ್ಮಮ್ಮನಾ? ಅಯ್ಯೋ, ನೀವೇನಾ! ಭಜನೇಲಿ ಎಲ್ರನ್ನೂ ಬಿಟ್ಟು ಮುಂದೆ ಓಡೋಯ್ತೀರಂತಲ್ಲ, ಅದೇ ಪದ್ಮಮ್ಮ ತಾನೆ? ನಿಮ್ ಪುಳಿಯೋಗರೆ ಸುದ್ದಿ ಕೇಳಿ ಕೇಳಿ ನಂಗೇ ಬಾಯಲ್ಲಿ ನೀರು ಬತ್ತದೆ. ಪದ್ಮ ಇದ್ದಿದ್ರೆ ಹಂಗಂತಿದ್ಲು, ಪದ್ಮ ಇದ್ದಿದ್ರೆ ಹಿಂಗಂತಿದ್ಲು ಅನ್ನದೆ ಈವಮ್ಮ ಒಂದು ದಿನ ಒಲೆ ಮ್ಯಾಲಿಂದ ಸಾರು ಇಳಿಸಿಲ್ಲ ಕಣವ್ವ!"

"ಸುಮ್ನಿರಿ ಗೌರಮ್ಮ," ಎಂದ ರತ್ನ ಒಲೆಯ ಕಡೆ ತಿರುಗಿ, ಕುದಿಯದ ಸಾರನ್ನು ಜೋರಾಗಿ ತಿರುವತೊಡಗಿದಳು.

ನನಗೆ ಹುರುಳಿಕಾಯಿ ಕಾಣದಷ್ಟು ಕಣ್ಣು ಮಂಜಾಯಿತು. ಅವಳ ಒಂದು ಮಾತಿಗಾಗಿ ನಾನು ಅಲ್ಲಿ ದಿನಕ್ಕೆ ಅರವತ್ತೆಂಟು ಸಲ ಫೋನು ತೆರೆಯುತ್ತಿದ್ದಾಗ, ಇವಳು ಇಲ್ಲಿ ದಿನವೂ ಒಲೆಯ ಮುಂದೆ ನಿಂತು ನನ್ನ ಮಾತೇ ಆಡುತ್ತಿದ್ದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು, ಪಕ್ಕದಲ್ಲಿ ಇನ್ನೊಂದು ಮಣೆ ಎಳೆದು ಹಾಕಿದೆ.

"ಕೂತ್ಕೊಳಿ ಗೌರಮ್ಮ. ಇನ್ನೂ ಏನೇನು ಹೇಳಿದ್ಲು, ಒಂದೂ ಬಿಡದ ಹಾಗೆ ಹೇಳಿ. ನಾನು ಸಾಯಂಕಾಲದವರೆಗೂ ಇರ್ತೀನಿ."